"ಪಾಯ ಹ್ಯಾಂಗಿತ್ತ್?"

ಆಮ್ಸ್ಟರ್‌ಡಾಮಿನಲ್ಲಿ ಕೊಳ್ಳಬೇಕೆಂದು ಮನಸ್ಸು ಮಾಡಿದ್ದ ಮನೆಯ ಹನ್ನೊಂದು ಫೋಟೋಗಳನ್ನು ನಮ್ಮೂರು ಬಸ್ರೂರಿಗೆ ಕಳಿಸಿದ್ದೆ. ಕಾಲುವೆಯ ನೀರಲ್ಲಿ ಬಿದ್ದ ಮನೆಯ ನೆರಳು, ಎತ್ತರದ ಕಿಟಕಿಗಳು, ಅಟ್ಟದ ದಪ್ಪ ತೊಲೆಗಳು, ಎದುರಿಗೆ ಎಲ್ಮ್ ಮರಗಳ ಸಾಲು. ಅಮ್ಮ ಒಂದೊಂದನ್ನೂ ದೊಡ್ಡದು ಮಾಡಿ ನೋಡಿ, "ಅಡುಗೆಮನೆ ಸಣ್ಣದಾಯ್ತಲ್ದಾ" ಅಂದರು. ಅಪ್ಪಯ್ಯ ಎಲ್ಲವನ್ನೂ ನೋಡಿ ಮುಗಿಸಿ ಕೇಳಿದ್ದು ಒಂದೇ ಮಾತು.

"ಮನಿ ಕಾಂಬುಕೆ ಚಂದ ಇತ್ತ್ ಮಗಾ. ಪಾಯ ಹ್ಯಾಂಗಿತ್ತ್?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮ್ಸ್ಟರ್‌ಡಾಮಿನ ಪಕ್ಕದ ಆಮ್ಸ್ಟಲ್‌ವೇನ್‌ನಲ್ಲಿ ಹದಿನಾಲ್ಕು ವರ್ಷ ಇದ್ದವರು ನಾವು. ಅಲ್ಲಿ ನಮ್ಮದು ಕಾಂಕ್ರೀಟಿನ ಫ್ಲ್ಯಾಟು. ಪಾಯದ ಬಗ್ಗೆ ಯಾರೂ ಕೇಳಿರಲಿಲ್ಲ, ನಾವೂ ಯೋಚಿಸಿರಲಿಲ್ಲ. ಊರ ನಡುವೆ, ಕಾಲುವೆಯ ದಂಡೆಯ ಮೇಲೆ, ಮುನ್ನೂರು ವರ್ಷದ ಹಿಂದಿನ ಮನೆ ಕೊಳ್ಳೋಣ ಅಂತ ಹೊರಟಾಗ ನಾನು ನೋಡಿದ್ದು ಕಿಟಕಿ, ಬೆಳಕು, ನೀರು. ಅಪ್ಪಯ್ಯ ಮುರಕಲ್ಲಿನ ಮನೆಯನ್ನು ತಾವೇ ನಿಂತು ಕಟ್ಟಿಸಿದವರು. ಅವರಿಗೆ ಮನೆ ಅಂದರೆ ಮೊದಲು ನೆಲದ ಕೆಳಗಿನದು, ಆಮೇಲೆ ಮೇಲಿನದು.

ಆ ಒಂದು ಪ್ರಶ್ನೆಯಿಂದಾಗಿ ನಾವು ಆ ಮನೆಯನ್ನು ಬಿಟ್ಟೆವು. ಅದನ್ನು ಹೇಳೋಕೆ ಮುಂಚೆ ಈ ಊರಿನ ನೆಲ ಎಂಥದ್ದು ಅಂತ ಹೇಳಬೇಕು.

ಆಮ್ಸ್ಟರ್‌ಡಾಮ್ ನಿಂತಿರುವುದು ಕೆಸರಿನ ಮೇಲೆ. ಮೇಲೆ ಪೀಟ್ ಅನ್ನುವ ಕೊಳೆತ ಗಿಡಗಂಟಿಗಳ ಮೆತ್ತನೆಯ ಮಣ್ಣು, ಅದರಡಿ ಜೇಡಿ. ಗಟ್ಟಿ ಮರಳಿನ ಪದರ ಸಿಗುವುದು ಸುಮಾರು 12 ಮೀಟರ್ ಆಳದಲ್ಲಿ. ಅಂದರೆ ಮೇಲೆ ನಾಲ್ಕು ಅಂತಸ್ತಿನ ಮನೆ ಕಂಡರೆ, ಕೆಳಗೂ ಹೆಚ್ಚುಕಡಿಮೆ ಅಷ್ಟೇ ಉದ್ದದ ಮರದ ಕಂಬಗಳು ಇರುತ್ತವೆ. ಬಾಲ್ಟಿಕ್ ಮತ್ತು ಸ್ಕ್ಯಾಂಡಿನೇವಿಯಾ ಕಡೆಯಿಂದ ಹಡಗಿನಲ್ಲಿ ತಂದ ಪೈನ್, ಸ್ಪ್ರೂಸ್ ಮರಗಳು. ಅವನ್ನು ತಲೆಕೆಳಗು ಮಾಡಿ, ಸಣ್ಣ ತುದಿ ಮರಳಿಗೆ ತಾಗುವವರೆಗೆ ಹೊಡೆದು ಇಳಿಸುತ್ತಿದ್ದರು. ಹತ್ತಾರು ಜನ ಹಗ್ಗ ಹಿಡಿದು ಭಾರವಾದ ದಿಮ್ಮಿಯನ್ನು ಎತ್ತಿ ಎತ್ತಿ ಬಿಡಬೇಕು. ಎಲ್ಲರ ಕೈ ಒಟ್ಟಿಗೆ ಬರಲಿ ಅಂತ ಹಾಡುತ್ತಿದ್ದರಂತೆ. ಅದನ್ನು ಓದಿದಾಗ ನನಗೆ ಗಂಗೊಳ್ಳಿಯಲ್ಲಿ ದೋಣಿ ಎಳೆಯುವವರ "ಐಲೇಸಾ" ಕಿವಿಯಲ್ಲಿ ಕೇಳಿದಂತಾಯಿತು.

ಊರಿನ ನಡುವಿನ ಡಾಮ್ ಚೌಕದಲ್ಲಿ ಒಂದು ಅರಮನೆ ಇದೆ. 17ನೇ ಶತಮಾನದಲ್ಲಿ ನಗರಸಭೆಗೆಂದು ಕಟ್ಟಿದ್ದು. ಅದು ನಿಂತಿರುವುದು 13,659 ಕಂಬಗಳ ಮೇಲೆ. ಇಲ್ಲಿನ ಮಕ್ಕಳು ಈ ಸಂಖ್ಯೆಯನ್ನು ಸುಲಭವಾಗಿ ನೆನಪಿಟ್ಟುಕೊಳ್ಳುತ್ತಾರೆ. ವರ್ಷದ 365 ದಿನ, ಮುಂದೆ 1, ಹಿಂದೆ 9. ನನ್ನ ಮಗಳು ಶಾಲೆಯಿಂದ ಬಂದು ಹೇಳಿಕೊಟ್ಟದ್ದು ಇದು.

ಮಣ್ಣೊಳಗೆ ಮುನ್ನೂರು ವರ್ಷ ಮರ ಉಳಿಯುವುದು ಹೇಗೆ? ಕಂಬದ ತಲೆ ಅಂತರ್ಜಲದ ಮಟ್ಟಕ್ಕಿಂತ ಕೆಳಗಿರಬೇಕು, ಅಷ್ಟೇ. ನೀರಲ್ಲಿ ಮುಳುಗಿರುವವರೆಗೆ ಗಾಳಿ ತಾಗುವುದಿಲ್ಲ. ಗಾಳಿ ಇಲ್ಲದ ಕಡೆ ಮರ ತಿನ್ನುವ ಶಿಲೀಂಧ್ರ ಬೆಳೆಯುವುದಿಲ್ಲ. ನೀರು ಇಳಿದು ಕಂಬದ ತಲೆ ಬಯಲಾದರೆ ಕೊಳೆಯಲು ಶುರು. ಗಾಳಿ ಇಲ್ಲದೆಯೂ ಪೈನ್ ಮರವನ್ನು ನಿಧಾನಕ್ಕೆ ತಿನ್ನುವ ಬ್ಯಾಕ್ಟೀರಿಯಾಗಳು ಇವೆ. ಆದರೆ ದೊಡ್ಡ ಶತ್ರು ಒಣಗುವಿಕೆಯೇ.

ನೀರು ತಾಗಿದರೆ ಮರ ಹಾಳು ಅಂತಲೇ ನಾನು ತಿಳಿದಿದ್ದೆ. ಆರು ತಿಂಗಳ ಮಳೆಗಾಲದಲ್ಲಿ ಬಾಗಿಲು ಉಬ್ಬಿ, ದಾರಂದದ ಬುಡ ಮೆತ್ತಗಾಗುವುದನ್ನು ನೋಡಿ ಬೆಳೆದವಳು. ಫೋನಿನಲ್ಲಿ ಅಪ್ಪಯ್ಯನಿಗೆ ಅಳುಕುತ್ತಲೇ ವಿವರಿಸಿದೆ. ಅವರು ಒಂದು ಕ್ಷಣವೂ ತಡಮಾಡಲಿಲ್ಲ.

"ಬಾವಿ ಅಡಿಗೆ ನೆಲ್ಲಿ ಹಲಗೆ ಹಾಕುದಿಲ್ಯಾ, ಅದೇ ಲೆಕ್ಕ. ನೀರಂಗೇ ಇದ್ರೆ ಮರಕ್ಕೆ ಎಂತ ಆತಿಲ್ಲ. ಒಂದ್ಸಲ ನೀರು, ಒಂದ್ಸಲ ಗಾಳಿ ಅಂತಾದ್ರೆ ಹೋಯ್ತ್."

ನಮ್ಮ ಹಿತ್ತಿಲ ಬಾವಿಯ ತಳದಲ್ಲಿ ನೆಲ್ಲಿಮರದ ಚೌಕಟ್ಟು ಇದೆ. ಅಜ್ಜನ ಕಾಲದ್ದು. ಅದು ನೀರನ್ನು ತಿಳಿ ಮಾಡುತ್ತದೆ ಅಂತ ಮನೆಯಲ್ಲಿ ಹೇಳುತ್ತಿದ್ದರು. ಅಷ್ಟು ವರ್ಷ ನೀರಡಿಯಲ್ಲಿದ್ದೂ ಅದು ಯಾಕೆ ಕೊಳೆತಿಲ್ಲ ಅಂತ ನಾನು ಯಾವತ್ತೂ ಕೇಳಿರಲಿಲ್ಲ.

ಮೊದಲ ಮನೆಗೆ ಬರುತ್ತೇನೆ. ಮಾಲೀಕರ ಕಡೆಯ ದಲ್ಲಾಳಿ ಕಾಫಿ ಕೊಟ್ಟು, ಮನೆಯ ಇತಿಹಾಸ ಹೇಳಿದರು. ನಡುಮನೆಯ ನೆಲ ಹಿಂಬದಿಗೆ ವಾಲಿತ್ತು. ಮಗಳು ಕೈಯಲ್ಲಿದ್ದ ಚೆಂಡನ್ನು ಕೆಳಗಿಟ್ಟಳು, ಅದು ತಾನಾಗಿಯೇ ಉರುಳಿ ಅಡುಗೆಮನೆಯ ಬಾಗಿಲು ದಾಟಿತು. "ಹಳೇ ಮನೆಗಳೆಲ್ಲ ಹೀಗೇ" ಅಂದರು ದಲ್ಲಾಳಿ. ಒಂದರ್ಥದಲ್ಲಿ ಅದು ನಿಜ. ಈ ಊರಿನಲ್ಲಿ ನೆಟ್ಟಗೆ ನಿಂತ ಮನೆಗಳು ಕಮ್ಮಿ. ಎಷ್ಟೋ ಮನೆಗಳು ನೂರು ವರ್ಷದ ಹಿಂದೆಯೇ ಸ್ವಲ್ಪ ವಾಲಿ, ಅಲ್ಲಿಗೆ ನಿಂತುಬಿಟ್ಟಿವೆ. ಅವು ಹಾಗೇ ಇನ್ನೂ ನೂರು ವರ್ಷ ಇರಬಹುದು. ಕೇಳಬೇಕಾದ್ದು ಮನೆ ವಾಲಿದೆಯಾ ಅಂತಲ್ಲ, ಇನ್ನೂ ವಾಲುತ್ತಲೇ ಇದೆಯಾ ಅಂತ.

ಅದನ್ನು ತಿಳಿಯಲು ಪಾಯದವರೆಗೆ ಇಳಿಯಬೇಕು. ಗುಂಡಿ ತೋಡಿ ನೋಡಬೇಕು. ಗೋಡೆಯ ಬುಡದಲ್ಲಿ, ಕಂಬದ ತಲೆ ಕಾಣುವವರೆಗೆ. ಇಲ್ಲಿನ ಪದ್ಧತಿಯಲ್ಲಿ ಕಂಬಗಳನ್ನು ಜೋಡಿ ಜೋಡಿಯಾಗಿ ಇಳಿಸಿ, ಪ್ರತಿ ಜೋಡಿಯ ತಲೆಯ ಮೇಲೆ ಅಡ್ಡಕ್ಕೆ ಒಂದು ಗಿಡ್ಡ ತೊಲೆ, ಅದರ ಮೇಲೆ ಉದ್ದಕ್ಕೆ ಹಲಗೆ ಹಾಕಿರುತ್ತಾರೆ. ಇಟ್ಟಿಗೆ ಗೋಡೆ ಏಳುವುದು ಆ ಹಲಗೆಯ ಮೇಲಿಂದ. ಪರೀಕ್ಷೆಗೆ ಬಂದವರು ಕಂಬದೊಳಕ್ಕೆ ಮೊಳೆಯಂಥ ಸಲಕರಣೆ ಚುಚ್ಚಿ, ಎಷ್ಟು ಆಳದವರೆಗೆ ಮರ ಮೆತ್ತಗಾಗಿದೆ ಅಂತ ಅಳೆಯುತ್ತಾರೆ. ಒಂದು ತುಂಡು ಕೊರೆದು ಪ್ರಯೋಗಾಲಯಕ್ಕೂ ಕಳಿಸುತ್ತಾರೆ. ಕೊನೆಗೆ ವರದಿ ಬರುತ್ತದೆ. ಇನ್ನು ಎಷ್ಟು ವರ್ಷ ಈ ಪಾಯವನ್ನು ನಂಬಬಹುದು ಅಂತ ಅದರಲ್ಲಿ ಬರೆದಿರುತ್ತದೆ. 25 ವರ್ಷಕ್ಕಿಂತ ಜಾಸ್ತಿ ಅಂತ ಬಂದರೆ ಅದೇ ಒಳ್ಳೆಯ ಸುದ್ದಿ.

ನಮಗೆ ಬಂದ ವರದಿಯಲ್ಲಿ ಒಳ್ಳೆಯ ಸುದ್ದಿ ಇರಲಿಲ್ಲ. ಹಿಂಬದಿಯ ಗೋಡೆಯಡಿ ಕಂಬಗಳ ತಲೆ ನೀರಿನಿಂದ ಮೇಲೆ ಬಂದಿತ್ತು. ಹಿತ್ತಿಲ ಕಡೆ ಸೋರುವ ಹಳೆಯ ಚರಂಡಿ ಕೊಳವೆ ಇದ್ದರೆ ಅದು ಅಂತರ್ಜಲವನ್ನೂ ಎಳೆದುಕೊಳ್ಳುತ್ತದೆ, ಅದೇ ಕಾರಣ ಇರಬಹುದು ಅಂದರು. ದುರಸ್ತಿ ಅಂದರೆ ಕೆಳಗಿನ ಮನೆಯ ನೆಲ ಪೂರ್ತಿ ಅಗೆದು, ಉಕ್ಕಿನ ಕೊಳವೆಗಳನ್ನು ತುಂಡು ತುಂಡಾಗಿ ಬೆಸೆಯುತ್ತಾ ಮರಳಿನವರೆಗೆ ಇಳಿಸಿ, ಮೇಲೆ ಕಾಂಕ್ರೀಟಿನ ಹಾಸು ಹಾಕಿ, ಇಡೀ ಮನೆಯ ಭಾರವನ್ನು ಅದಕ್ಕೆ ವರ್ಗಾಯಿಸುವುದು. ಇಂಥ ಕೆಲಸಕ್ಕೆ ಒಂದು ಲಕ್ಷ ಯೂರೋ ದಾಟುವುದು ಇಲ್ಲಿ ಮಾಮೂಲಿ. ಪರೀಕ್ಷೆಗೆ ಕೊಟ್ಟ ಹಣವೂ ಹೋಯಿತು, ಮನೆಯೂ ಹೋಯಿತು. ಆ ರಾತ್ರಿ ನಾನು ಅತ್ತೆ. ಆ ಅಟ್ಟದ ಕಿಟಕಿಯ ಪಕ್ಕ ಎಲ್ಲಿ ಕುರ್ಚಿ ಇಡಬೇಕು ಅಂತ ಆಗಲೇ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದೆ.

ಎರಡನೆಯ ಮನೆ ಸಿಗಲು ಒಂದೂವರೆ ವರ್ಷ ಹಿಡಿಯಿತು. ಅದು ಪ್ರಿನ್ಸೆನ್‌ಗ್ರಾಖ್ಟ್‌ನಲ್ಲಿ. ಗ್ರಾಖ್ಟ್ ಅಂದರೆ ಊರೊಳಗಿನ ಕಾಲುವೆ. 1613ರಲ್ಲಿ ಈ ನಗರ ಹೆರೆನ್‌ಗ್ರಾಖ್ಟ್, ಕೈಜರ್ಸ್‌ಗ್ರಾಖ್ಟ್, ಪ್ರಿನ್ಸೆನ್‌ಗ್ರಾಖ್ಟ್ ಅನ್ನುವ ಮೂರು ಕಾಲುವೆಗಳನ್ನು ಒಂದರ ಹಿಂದೆ ಒಂದು ತೋಡಲು ಶುರು ಮಾಡಿತು. ಭಾರಿ ಶ್ರೀಮಂತರು ಮೊದಲ ಎರಡರ ಮೇಲೆ ಮನೆ ಕಟ್ಟಿಸಿಕೊಂಡರು. ಪ್ರಿನ್ಸೆನ್‌ಗ್ರಾಖ್ಟ್‌ನಲ್ಲಿ ಗೋದಾಮುಗಳು, ಸಣ್ಣ ವ್ಯಾಪಾರಿಗಳ ಮನೆಗಳು ಜಾಸ್ತಿ. ಅದರಾಚೆ ಕೂಲಿಕಾರರ, ಕುಶಲಕರ್ಮಿಗಳ ಬಡಾವಣೆ ಯೋರ್ಡಾನ್. ಅಲ್ಲಿನ ಬೀದಿಗಳು ಓರೆಯಾಗಿವೆ, ಯಾಕೆಂದರೆ ಮೊದಲಿದ್ದ ಹೊಲಗಳ ತೋಡುಗಳ ಜಾಡಿನಲ್ಲೇ ಅವನ್ನು ಮಾಡಿದರು. 2010ರಲ್ಲಿ ಈ ಕಾಲುವೆ ವಲಯ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಇಡೀ ಮನೆ ನಮ್ಮದಲ್ಲ. ಅಷ್ಟು ಹಣ ನಮ್ಮಲ್ಲಿಲ್ಲ. ಮೇಲಿನ ಎರಡು ಅಂತಸ್ತು ಮತ್ತು ಅಟ್ಟ ನಮ್ಮದು. ಕೆಳಗೆ ಇನ್ನಿಬ್ಬರು ಮಾಲೀಕರು. ಪಾಯ, ಮಾಡು, ಮುಂಗೋಡೆ ಮೂವರಿಗೂ ಸೇರಿದ್ದು. ಪಾಯದ ವರದಿ ಓದುವಾಗ ಈ ಸಲ ನನ್ನ ಕೈ ನಡುಗುತ್ತಿತ್ತು. ಮರದ ಕಂಬಗಳೇ, ಆದರೆ ಗಟ್ಟಿ ಇವೆ. 25 ವರ್ಷಕ್ಕಿಂತ ಜಾಸ್ತಿ. ಅಂತರ್ಜಲ ಈಗಿನ ಮಟ್ಟದಲ್ಲೇ ಇದ್ದರೆ.

ಕಾಗದಪತ್ರದ ಕೆಲಸ ಮಾತ್ರ ಬೇಗ ಮುಗಿಯಿತು. ಹೇಳಿದ ಬೆಲೆಗಿಂತ ಮೇಲೆ ಬರೆದು, ಮುಚ್ಚಿದ ಲಕೋಟೆಯ ಹಾಗೆ ಬಿಡ್ ಕೊಡಬೇಕು. ಒಪ್ಪಂದಕ್ಕೆ ಸಹಿ ಹಾಕಿದ ಮೇಲೂ ಕೊಳ್ಳುವವರಿಗೆ ಮನಸ್ಸು ಬದಲಿಸಲು ಮೂರು ದಿನ ಇರುತ್ತದೆ. ಶೇಕಡಾ 10 ಮುಂಗಡ ಅಥವಾ ಬ್ಯಾಂಕ್ ಗ್ಯಾರಂಟಿ, ನಾವೇ ವಾಸ ಮಾಡುವ ಮನೆಯಾದ್ದರಿಂದ ಶೇಕಡಾ 2 ವರ್ಗಾವಣೆ ತೆರಿಗೆ, ಕೊನೆಗೆ ನೋಟರಿಯ ಮುಂದೆ ಕೂತು ಪತ್ರ ಓದಿಸುವುದು. ನಮ್ಮ ಕಡೆಯ ಸಬ್ ರಿಜಿಸ್ಟ್ರಾರ್ ಕಚೇರಿಯ ನೂಕುನುಗ್ಗಲು ಇಲ್ಲ. ಒಂದು ಶಾಂತವಾದ ಕೋಣೆ, ನಾಲ್ಕು ಕುರ್ಚಿ, ಒಂದು ಪೆನ್ನು.

ಆದರೆ ನೋಟರಿ ಓದಿದ ಒಂದು ಸಾಲು ನನ್ನ ಮನಸ್ಸಲ್ಲಿ ಕೂತುಬಿಟ್ಟಿತು. ಈ ಮನೆ ರೈಕ್ಸ್‌ಮೊನ್ಯುಮೆಂಟ್, ಅಂದರೆ ರಾಷ್ಟ್ರದ ಸಂರಕ್ಷಿತ ಕಟ್ಟಡ. ಮನೆ ನಮ್ಮದೇ, ಆದರೆ ಕಿಟಕಿಯ ಚೌಕಟ್ಟು ಬದಲಿಸಲು ನಗರಸಭೆಯ ಅನುಮತಿ ಬೇಕು. ಅಟ್ಟದ ತೊಲೆ ಕೊಯ್ಯುವ ಹಾಗಿಲ್ಲ. ಹಳೆಯ ಗಾಜು ತೆಗೆದು ದಪ್ಪ ಡಬಲ್ ಗಾಜು ಹಾಕುವ ಹಾಗಿಲ್ಲ. ಮೊದಲ ಚಳಿಗಾಲ ನಾವು ಮೂವರೂ ಉಣ್ಣೆಯ ಶಾಲು ಹೊದ್ದೇ ಊಟಕ್ಕೆ ಕೂತೆವು. ಆಮೇಲೆ ಹಳೆಯ ಕಿಟಕಿಯನ್ನು ಮುಟ್ಟದೆ ಒಳಬದಿಗೆ ಇನ್ನೊಂದು ತೆಳು ಗಾಜಿನ ಚೌಕಟ್ಟು ಹಾಕಿಸಿದೆವು. ಬೇಸರ ಆಗುವುದಿಲ್ಲವಾ ಅಂತ ಗೆಳತಿಯರು ಕೇಳುತ್ತಾರೆ. ಇಲ್ಲ. ಬಸ್ರೂರಿನಲ್ಲಿ ಎಷ್ಟು ಹಳೆಯ ಮನೆಗಳ ಕೆತ್ತನೆಯ ಬಾಗಿಲು, ಕಂಬಗಳು ಲಾರಿ ಹತ್ತಿ ಹೋದದ್ದನ್ನು ನೋಡಿದ್ದೇನೆ. ಅಲ್ಲೂ ಹೀಗೆ ಯಾರಾದರೂ ಬೇಡ ಅಂದಿದ್ದರೆ ಅಂತ ಅನಿಸುತ್ತದೆ. ಬೇಡ ಅಂದರೆ ಸಾಲದು, ಕೈಯೂ ಹಿಡಿಯಬೇಕು. ಇಲ್ಲಿ ಇಂಥ ಮನೆಗಳ ದುರಸ್ತಿಗೆ ಸರ್ಕಾರದ ಸಹಾಯಧನ ಇದೆ, ಕಡಿಮೆ ಬಡ್ಡಿಗೆ ಸಾಲ ಕೊಡುವ ನಿಧಿ ಇದೆ.

ಮನೆ ತುಂಬುವ ದಿನ ಮರೆಯುವಂಥದ್ದಲ್ಲ. ಇಲ್ಲಿನ ಮೆಟ್ಟಿಲುಗಳು ಏಣಿಯಷ್ಟು ಕಡಿದು. ದೊಡ್ಡ ಸಾಮಾನು ಒಳಗಿನಿಂದ ಹತ್ತುವುದೇ ಇಲ್ಲ. ಅದಕ್ಕೇ ಪ್ರತಿ ಹಳೆಯ ಮನೆಯ ತಲೆಯಲ್ಲಿ ಒಂದು ತೊಲೆ ಹೊರಚಾಚಿರುತ್ತದೆ, ಅದಕ್ಕೊಂದು ಕೊಕ್ಕೆ. ರಾಟೆ ಕಟ್ಟಿ, ಹಗ್ಗದಿಂದ ಸಾಮಾನು ಎತ್ತಿ, ಕಿಟಕಿಯಿಂದ ಒಳಗೆ ತೆಗೆದುಕೊಳ್ಳಬೇಕು. ಸಾಮಾನು ಗೋಡೆಗೆ ಬಡಿಯದಿರಲಿ ಅಂತಲೂ ಮುಂಗೋಡೆಯನ್ನು ಬೇಕೆಂದೇ ಸ್ವಲ್ಪ ಮುಂದಕ್ಕೆ ಬಾಗಿಸಿ ಕಟ್ಟುತ್ತಿದ್ದರಂತೆ. ಅಜ್ಜಿಯ ಹಲಸಿನ ಮರದ ಪೆಟ್ಟಿಗೆ ಹಡಗಿನಲ್ಲಿ ಬಂದಿತ್ತು. ಅದು ಹಗ್ಗದ ತುದಿಯಲ್ಲಿ ನಿಧಾನಕ್ಕೆ ತಿರುಗುತ್ತಾ, ಮೂರನೇ ಅಂತಸ್ತಿನ ಎತ್ತರದಲ್ಲಿ ಪ್ರಿನ್ಸೆನ್‌ಗ್ರಾಖ್ಟ್‌ನ ಕಡೆ ಮುಖ ಮಾಡಿ ನಿಂತಾಗ ನನ್ನ ಉಸಿರು ನಿಂತಿತ್ತು. ಕೆಳಗೆ ದೋಣಿಯಲ್ಲಿ ಹೋಗುತ್ತಿದ್ದ ಪ್ರವಾಸಿಗರು ಫೋಟೋ ತೆಗೆದರು. ಯಾವ ದೇಶದವರ ಫೋನಿನಲ್ಲೋ ಈಗ ಅಜ್ಜಿಯ ಪೆಟ್ಟಿಗೆ ಇದೆ.

ಅಟ್ಟದಲ್ಲಿ ಆ ಪೆಟ್ಟಿಗೆ ಇಟ್ಟ ಮೇಲೆ ನನಗೆ ಇನ್ನೊಂದು ಯೋಚನೆ ಶುರುವಾಯಿತು. ಈ ಮನೆಗಳ ಅಟ್ಟಗಳು ಮೊದಲು ಗೋದಾಮುಗಳು. ಸಾಂಬಾರ ಪದಾರ್ಥ, ಬಟ್ಟೆ, ಧಾನ್ಯ ಎಲ್ಲ ಇದೇ ಕೊಕ್ಕೆಯಂಥ ಕೊಕ್ಕೆಗಳಿಂದ ಮೇಲೇರುತ್ತಿದ್ದವು. ನಮ್ಮ ಬಸ್ರೂರು ಒಂದು ಕಾಲಕ್ಕೆ ದೊಡ್ಡ ಬಂದರು. ಪರದೇಶದವರು ಅದನ್ನು ಬಾರ್ಸೆಲೋರ್ ಅನ್ನುತ್ತಿದ್ದರು. ಕೆಳದಿಯ ಅರಸರ ಕಾಲದಲ್ಲಿ ಅಕ್ಕಿ, ಕಾಳುಮೆಣಸು ಅಲ್ಲಿಂದ ಹಡಗು ಹತ್ತುತ್ತಿತ್ತು. 17ನೇ ಶತಮಾನದಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಅಲ್ಲಿ ಕೋಠಿ ಇಟ್ಟಿತ್ತು. ನಾನು ಹುಟ್ಟಿದ ಊರಿನ ಮೆಣಸು ಇದೇ ಕಾಲುವೆಗಳ ದಂಡೆಗೆ ಬಂದು ಇಳಿದಿರಬಹುದು ಅನ್ನುವುದು ಹೊಸ ಮನೆಯಲ್ಲಿ ನನಗೆ ನೆಂಟಸ್ತನದ ಹಾಗೆ ಅನಿಸಿತು.

ಆ ಖುಷಿ ಪೂರ್ತಿ ಖುಷಿಯಲ್ಲ. ಅದೇ ಕಂಪನಿ 1621ರಲ್ಲಿ ಜಾಯಿಕಾಯಿಯ ಮೇಲೆ ಹಿಡಿತ ಸಾಧಿಸಲು ಈಗಿನ ಇಂಡೋನೇಷ್ಯಾದ ಬಂಡಾ ದ್ವೀಪಗಳ ಜನರನ್ನು ಕೊಂದಿತು, ಉಳಿದವರನ್ನು ಓಡಿಸಿತು, ಗುಲಾಮರನ್ನಾಗಿ ಸಾಗಿಸಿತು. ಈ ಕಾಲುವೆಗಳ ಮೇಲಿನ ಎಷ್ಟೋ ಮನೆಗಳು ಗುಲಾಮರ ದುಡಿಮೆಯ ಹಣದಿಂದ ಎದ್ದವು. 2021ರ ಜುಲೈ 1ರಂದು ನಗರದ ಮೇಯರ್ ಫೆಮ್ಕೆ ಹಾಲ್ಸೆಮಾ ಇದಕ್ಕಾಗಿ ಕ್ಷಮೆ ಕೇಳಿದರು. ನಾವು ಇಲ್ಲಿಗೆ ಬಂದ ಮೇಲೆ ಮಗಳಿಗೆ ಎರಡನ್ನೂ ಹೇಳಿದ್ದೇವೆ. ಬಸ್ರೂರಿನ ಮೆಣಸಿನ ಕತೆಯನ್ನು ಹೇಳಿ ಬಂಡಾದ ಕತೆಯನ್ನು ಬಿಡುವುದು ನನ್ನಿಂದ ಆಗಲಿಲ್ಲ.

ಗದ್ದಲದ ಬಗ್ಗೆ ಎಲ್ಲರೂ ಕೇಳುತ್ತಾರೆ. ಗದ್ದಲ ಇದೆ. ನಮ್ಮಲ್ಲಿಂದ ಕೆಲವೇ ನಿಮಿಷ ನಡೆದರೆ ನಾಜಿಗಳಿಂದ ತಪ್ಪಿಸಿಕೊಳ್ಳಲು ಯಹೂದಿ ಹುಡುಗಿ ಆನ್ ಫ್ರಾಂಕ್ ಅಡಗಿದ್ದ ಮನೆ, 263ನೇ ನಂಬರು. ವರ್ಷವಿಡೀ ಅಲ್ಲಿ ಜನ. ಇಟ್ಟಿಗೆ ಹಾಸಿದ ರಸ್ತೆಯ ಮೇಲೆ ಗಾಲಿಯ ಸೂಟ್‌ಕೇಸುಗಳ ಗಡಗಡ ಬೆಳಗಿನ ಜಾವಕ್ಕೇ ಶುರು. ಏಪ್ರಿಲ್ 27, ರಾಜನ ಹುಟ್ಟುಹಬ್ಬದ ದಿನ, ಕಾಲುವೆಯಲ್ಲಿ ನೀರೇ ಕಾಣದಷ್ಟು ದೋಣಿಗಳು, ಹಾಡು, ಕಿತ್ತಳೆ ಬಟ್ಟೆ. ಬೇಸಿಗೆಯ ಶನಿವಾರದ ರಾತ್ರಿ ಕಿಟಕಿ ತೆರೆದು ಮಲಗುವುದು ಕಷ್ಟ. ಕಾರು ಮಾರಿಬಿಟ್ಟೆವು, ನಿಲ್ಲಿಸಲು ಜಾಗವೇ ಇಲ್ಲ.

ಆನ್ ಫ್ರಾಂಕ್ ಮನೆಯ ಮುಂದೆ ನಿಂತ ಜನರ ಸಾಲನ್ನು ನೋಡಿದಾಗೆಲ್ಲ ನನಗೆ ಒಂದು ಮಾತು ನೆನಪಾಗುತ್ತದೆ. ಇಲ್ಲಿನ ಹಳೆಯ ಮನೆಗಳಿಗೆ ಎರಡು ಭಾಗ. ರಸ್ತೆಗೆ ಕಾಣುವ ಮುಂದಿನ ಮನೆ, ನಡುವೆ ಬೆಳಕಿಗೆ ಸಣ್ಣ ಅಂಗಳ, ಅದರ ಹಿಂದೆ ಹೊರಗಿನವರಿಗೆ ಕಾಣದ ಹಿಂಮನೆ. ಬೆಳಕು, ಗಾಳಿಗೆಂದು ಮಾಡಿಕೊಂಡ ಈ ಏರ್ಪಾಡೇ ಎಂಟು ಜನರನ್ನು ಎರಡು ವರ್ಷಕ್ಕೂ ಮೇಲೆ ಬಚ್ಚಿಟ್ಟಿತು. ಅವರು ಕೇಳುತ್ತಿದ್ದ ವೆಸ್ಟರ್ ಚರ್ಚಿನ ಗಂಟೆಯೇ ನಮಗೂ ಕಾಲುಗಂಟೆಗೊಮ್ಮೆ ಕೇಳುತ್ತದೆ. ಆ ಸಾಲಿನಲ್ಲಿ ನಿಂತವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ.

ನನಗೆ ಚಿಂತೆ ಕೊಡುವುದು ಗದ್ದಲವಲ್ಲ, ದಂಡೆಯ ಗೋಡೆಗಳು. ನಗರದಲ್ಲಿ ಸುಮಾರು 600 ಕಿಲೋಮೀಟರ್ ದಂಡೆ ಇದೆ, ಅದರಲ್ಲಿ 200 ಕಿಲೋಮೀಟರ್‌ನಷ್ಟು ಹಳೆಯ ದಂಡೆಗಳು, ಅವುಗಳಲ್ಲಿ ಎಷ್ಟೋ ಕೆಟ್ಟ ಸ್ಥಿತಿಯಲ್ಲಿವೆ ಎಂದು ನಗರಸಭೆಯೇ ಹೇಳಿದೆ. ಅವೂ ಮರದ ಕಂಬಗಳ ಮೇಲೆಯೇ ನಿಂತಿವೆ. ಕುದುರೆ ಗಾಡಿಗೆಂದು ಕಟ್ಟಿದ ದಂಡೆಗಳ ಮೇಲೆ ಸಿಮೆಂಟ್ ಲಾರಿಗಳು ಓಡಾಡಿದವು. 2020ರ ಸೆಪ್ಟೆಂಬರಿನಲ್ಲಿ ಖ್ರಿಂಬುರ್ಖ್‌ವಾಲ್ ಎಂಬಲ್ಲಿ ದಂಡೆಯೇ ಕುಸಿದು ಕಾಲುವೆಗೆ ಬಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಭಾರಿ ವಾಹನಗಳಿಗೆ ಈಗ ಕಟ್ಟುಪಾಡು ಇದೆ. ಎಷ್ಟೋ ಕಡೆ ದಂಡೆಗೆ ಉಕ್ಕಿನ ಹಲಗೆಗಳ ಆಸರೆ ಕೊಟ್ಟಿದ್ದಾರೆ. ನೋಡಲು ಚಂದವಿಲ್ಲ. ಆದರೂ ನಮ್ಮ ಬೀದಿಗೆ ಆ ಉಕ್ಕು ಬಂದ ದಿನ ನಾನು ನೆಮ್ಮದಿಯಿಂದ ಮಲಗಿದೆ.

ಕಳೆದ ವರ್ಷ ಜೂನ್‌ನಲ್ಲಿ ಅಪ್ಪಯ್ಯ, ಅಮ್ಮ ಬಂದಿದ್ದರು. ಅಮ್ಮನಿಗೆ ಮೆಟ್ಟಿಲು ಹತ್ತಲು ಕಷ್ಟ, ದಿನಕ್ಕೆ ಒಂದೇ ಸಲ ಇಳಿಯುತ್ತಿದ್ದರು. ಅಪ್ಪಯ್ಯನಿಗೆ ಕೆಳಮನೆಯ ಅಜ್ಜಿಯ ಸ್ನೇಹವಾಯಿತು. ಎಂಬತ್ತು ದಾಟಿದ ಆಕೆಗೆ ಕನ್ನಡ ಬರದು, ಅಪ್ಪಯ್ಯನಿಗೆ ಡಚ್ ಬರದು. ಆಕೆ ತನ್ನ ಅಡುಗೆಮನೆಯ ನೆಲದ ಮುಚ್ಚಳ ತೆರೆದು ಟಾರ್ಚ್ ಹಿಡಿದಳು. ಅಪ್ಪಯ್ಯ ಮಂಡಿಯೂರಿ ಬಗ್ಗಿ ಇಟ್ಟಿಗೆಯ ಬುಡವನ್ನೂ, ಒದ್ದೆ ಮಣ್ಣನ್ನೂ ತುಂಬಾ ಹೊತ್ತು ನೋಡಿದರು. ಕೈ ಚಾಚಿ ಮಣ್ಣು ಮುಟ್ಟಿ, ಬೆರಳು ಉಜ್ಜಿ ನೋಡಿದರು. ಎದ್ದು ನಿಂತು ಆಕೆಗೆ ತಲೆಯಾಡಿಸಿದರು. ಆಕೆಯೂ ತಲೆಯಾಡಿಸಿದಳು.

ಕಾಲುವೆಗಳ ನೀರನ್ನು ಇಲ್ಲಿ ಸಮುದ್ರಮಟ್ಟದ ಅಳತೆಯಿಂದ 40 ಸೆಂಟಿಮೀಟರ್ ಕೆಳಗೆ, ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮ ಇಡುತ್ತಾರೆ. ಮಳೆ ಜಾಸ್ತಿಯಾದರೆ ಪಂಪು, ಕಮ್ಮಿಯಾದರೆ ಹೊರಗಿನಿಂದ ನೀರು. ಹಿತ್ತಿಲ ಕಡೆಯ ಅಂತರ್ಜಲಕ್ಕೆ ಅಷ್ಟು ಭದ್ರತೆ ಇಲ್ಲ. 2018ರಂಥ, 2022ರಂಥ ಒಣ ಬೇಸಿಗೆಗಳಲ್ಲಿ ಅದು ಇಳಿಯುತ್ತದೆ. ಊರ ತುಂಬ ಅದನ್ನು ಅಳೆಯುವ ಕೊಳವೆಗಳಿವೆ. ಅದರ ಲೆಕ್ಕವನ್ನು ಯಾರು ಬೇಕಾದರೂ ನೋಡಬಹುದು. ನಮ್ಮ ಹಿಂದಿನ ಬೀದಿಯ ಕೊಳವೆಯ ಅಂಕಿಯನ್ನು ನಾನು ತಿಂಗಳಿಗೊಮ್ಮೆ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಕೆಳಮನೆಯ ಅಜ್ಜಿಯೂ ಬರೆಯುತ್ತಾಳೆ, ತುಂಬಾ ವರ್ಷಗಳಿಂದ.

ಈಗ ಅಪ್ಪಯ್ಯ ಫೋನ್ ಮಾಡಿದರೆ ಚಳಿ ಹೇಗಿದೆ ಅಂತ ಕೇಳುವುದಿಲ್ಲ. "ನೀರ್ ಎಷ್ಟಿತ್ತ್?" ಅನ್ನುತ್ತಾರೆ. ನಾನು ಪುಸ್ತಕ ತೆಗೆದು ಕಂಬದ ತಲೆಯ ಮೇಲೆ ಎಷ್ಟು ನೀರಿದೆ ಅಂತ ಓದುತ್ತೇನೆ. ಆಮೇಲೆ ಅವರು ಹಿತ್ತಿಲಿಗೆ ಹೋಗಿ, ಬಾವಿಯಲ್ಲಿ ಎಷ್ಟು ನೀರಿದೆ ಅಂತ ಬಗ್ಗಿ ನೋಡಿ ಹೇಳುತ್ತಾರೆ.